ಎದುರಾಳಿಯಿಲ್ಲದ ಅಭ್ಯಾಸ ಸಾಕೇ?

ಬೋಧನಾಭ್ಯಾಸದ ಎರಡನೇ ವಾರ. ಯಲ್ಲಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ‘ಘರ್ಷಣೆ’ ಪಾಠ ಮಾಡುತ್ತಿದ್ದೆ. ಕ್ಯಾರಂ ಬೋರ್ಡಿನ ಮೇಲೆ ಪುಡಿ ಉದುರಿಸಿದರೆ ಘರ್ಷಣೆ ಕಡಿಮೆಯಾಗುತ್ತದೆ ಎಂದು ವಿವರಿಸಿ ಮುಂದಿನ ಅಂಶಕ್ಕೆ ಹೊರಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಕುಸ್ತಿ ಆಡೋರು ಮೈಗೆ ಮಣ್ಣು ಹಚ್ಕೊಳ್ತಾರೆ, ಆಗ ಕೈ ಜಾರೋದಿಲ್ಲ. ಕ್ಯಾರಂ ಪುಡಿ ಜಾರಿಸ್ತದೆ, ಮಣ್ಣು ಯಾಕೆ ಹಿಡೀತದೆ?”

ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ನಾನು ಹೇಳಿದ್ದು, “ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೋ.”

ಉತ್ತರ ತಿಳಿಯದೆ ಹಾಗೆ ಹೇಳಿದ್ದಲ್ಲ, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೇನೆ. ಪಾಠಯೋಜನೆ ಬಿಟ್ಟು ಒಂದು ಹೆಜ್ಜೆ ಆಚೆ ಇಡಲು ಆಗಲಿಲ್ಲ, ಅಷ್ಟೆ. ಪಾಠಕ್ಕೆ ಒಳ್ಳೆಯ ಷರಾ ಬಂತು. ಹುಡುಗ ಮಾತ್ರ ಆ ವಾರ ಮತ್ತೆ ಕೈ ಎತ್ತಲಿಲ್ಲ.

ನೆರೆಯ ಹಳಿಯಾಳ ಕುಸ್ತಿಗೆ ಹೆಸರಾದ ತಾಲ್ಲೂಕು. ಚಿಕ್ಕವನಿದ್ದಾಗ ಕೆಲವು ಕಾಲ ನಾನೂ ಗರಡಿಯ ಮಣ್ಣು ಮೆತ್ತಿಕೊಂಡವನು. ಅಲ್ಲಿ ಹೊಸಬನಿಗೆ ಮೊದಲು ಪಟ್ಟುಗಳನ್ನು ಒಂದೊಂದಾಗಿ ಹೇಳಿಕೊಡುತ್ತಾರೆ. ಆಗ ಜೊತೆಗಾರ ಸುಮ್ಮನೆ ನಿಂತು ಬೀಳಿಸಿಕೊಳ್ಳುತ್ತಾನೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ, ಜೋಡಿ ಕಟ್ಟಿ ಆಡಿಸುತ್ತಾರೆ. ಈಗ ನಾನು ಕಾಲಿಗೆ ಕೈ ಹಾಕಿದರೆ ಅವನು ಸೊಂಟ ಹಿಂದಕ್ಕೆಳೆದು ನನ್ನ ಮೇಲೆ ಭಾರ ಹಾಕುತ್ತಾನೆ. ನಾನು ಆ ಭಾರದಡಿಯಿಂದ ಪಕ್ಕಕ್ಕೆ ಸರಿದು ಅವನ ಬೆನ್ನ ಹಿಂದೆ ಬರಬೇಕು. ಯೋಚಿಸುತ್ತ ಕೂತರೆ ಬೆನ್ನು ಮಣ್ಣಿಗೆ. ನೂರು ಸಲ ಬಿದ್ದ ಮೇಲೆ ಒಂದು ದಿನ ಮೈ ತಾನಾಗಿ ಸರಿಯುತ್ತದೆ. ನೋಡುವವರು ಅದನ್ನು ಹುಟ್ಟುಗುಣ ಎನ್ನುತ್ತಾರೆ. ಅದು ನಿಜವಾಗಿ, ಎದುರಾಳಿಯ ಮೈ ಕಲಿಸಿದ ಪಾಠ.

ಈ ಮಾತನ್ನು ಒಬ್ಬ ಶಿಕ್ಷಕ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಜೂಡೊ ರೂಪಿಸಿದ ಜಿಗೊರೊ ಕಾನೊ ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ಸಂಸ್ಥೆಗೆ ಪ್ರಾಂಶುಪಾಲರಾಗಿದ್ದವರು. 1882ರಲ್ಲಿ ಅವರು ಆರಂಭಿಸಿದ ಕೊಡೊಕಾನ್‌ನಲ್ಲಿ ‘ಕಾತಾ’, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಅಭ್ಯಾಸ, ಇತ್ತು. ಅದರ ಜೊತೆಗೆ ‘ರಾಂದೋರಿ’ ಎಂಬ ಮುಕ್ತ ಸೆಣಸಾಟಕ್ಕೆ ದೊಡ್ಡ ಸ್ಥಾನ ಕೊಟ್ಟರು. ಅಪಾಯಕಾರಿ ಪೆಟ್ಟುಗಳನ್ನು ಮುಕ್ತ ಆಟದಿಂದ ತೆಗೆದದ್ದರಿಂದ ಉಳಿದ ಪಟ್ಟುಗಳನ್ನು ಪೂರ್ಣ ಬಲದಿಂದ ಅಭ್ಯಾಸ ಮಾಡುವುದು ಸಾಧ್ಯವಾಯಿತು. ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರ ಪಾಠದಿಂದಲೇ ಗ್ರೇಸಿ ಕುಟುಂಬದವರ ಕೈಯಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಬೆಳೆಯಿತು. ಅಲ್ಲಿಯೂ ಮಣಿಯದ ಜೊತೆಗಾರನೊಡನೆ ಹೊರಳಾಡುವುದೇ ಕಲಿಕೆಯ ಜೀವ.

ಈಗ ನಮ್ಮ ಸೂಕ್ಷ್ಮ ಬೋಧನೆಯನ್ನು ನೋಡೋಣ. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಈ ಕ್ರಮ ನಮ್ಮಲ್ಲಿ 36 ನಿಮಿಷದ ಚಕ್ರವಾಗಿದೆ: ಬೋಧನೆ 6, ಹಿಮ್ಮಾಹಿತಿ 6, ಪುನರ್ಯೋಜನೆ 12, ಪುನರ್ಬೋಧನೆ 6, ಮತ್ತೆ ಹಿಮ್ಮಾಹಿತಿ 6. ಒಂದು ಸಲಕ್ಕೆ ಒಂದೇ ಕೌಶಲ. ಇದು ನಮ್ಮ ‘ಕಾತಾ’. ಇದನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಒಂದು ಪಟ್ಟೂ ಗೊತ್ತಿಲ್ಲದವನು ಅಖಾಡದಲ್ಲಿ ಕೈಕಾಲು ಬಡಿಯುತ್ತಾನೆ, ಅಷ್ಟೆ. ನನ್ನ ತಕರಾರು ಅದರ ನಂತರದ್ದು. ಕೌಶಲಗಳನ್ನು ಜೋಡಿಸುವ ಪಾಠದಲ್ಲೂ ಮುಂದೆ ಕೂರುವವರು ನಮ್ಮ ಸಹಪಾಠಿಗಳೇ. ಇಂದು ನಾನು ಬಯಸಿದ ಉತ್ತರ ಅವರು ಕೊಡುತ್ತಾರೆ, ನಾಳೆ ಅವರು ಬಯಸಿದ್ದನ್ನು ನಾನು ಕೊಡುತ್ತೇನೆ. ಅಭ್ಯಾಸದುದ್ದಕ್ಕೂ ಸುಮ್ಮನೆ ಬಿದ್ದುಕೊಡುವ ಜೊತೆಗಾರ! ಹೀಗಾಗಿ ನಮ್ಮ ಮೊದಲ ನಿಜವಾದ ಸೆಣಸಾಟ ಎಂಟನೇ ತರಗತಿಯ ಮಕ್ಕಳೊಂದಿಗೆ ನಡೆಯುತ್ತದೆ. ಅಲ್ಲಿ ಪೆಟ್ಟು ಬೀಳುವುದು ನಮಗಲ್ಲ, ಪ್ರಶ್ನೆ ಕೇಳಿದ ಮಗುವಿಗೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಶಾಲೆಗೆ ಕಳುಹಿಸುವ ಮುನ್ನ ಪ್ರತಿ ಪ್ರಶಿಕ್ಷಣಾರ್ಥಿಗೂ 15 ನಿಮಿಷದ ಕೆಲವು ‘ಮುಕ್ತ ಪಾಠ’ಗಳಿರಲಿ. ಎದುರು ಕೂತವರು ತಪ್ಪು ಉತ್ತರ ಕೊಡಲಿ, ನಡುವೆ ಪ್ರಶ್ನೆ ಎಸೆಯಲಿ, ಅರ್ಥವಾಗಲಿಲ್ಲ ಎನ್ನಲಿ. ಅಂಜುವವರು ಇನ್ನಷ್ಟು ಕುಗ್ಗುತ್ತಾರೆ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಕಾನೊ ಮಾಡಿದಂತೆ ಅಪಾಯದ ಪೆಟ್ಟುಗಳನ್ನು ತೆಗೆಯೋಣ: ಗೇಲಿ ಕೂಡದು, ಆ ತರಗತಿಯ ಮಗು ಕೇಳಬಹುದಾದ ಪ್ರಶ್ನೆಯನ್ನೇ ಕೇಳಬೇಕು, ಅಂಕ ಇರಕೂಡದು.

ನಾವು ನಾಲ್ವರು ಗೆಳೆಯರು ಸಂಜೆ ಹೊತ್ತು ಇದನ್ನು ಮಾಡಿ ನೋಡಿದೆವು. ಮೊದಲೆರಡು ದಿನ ನಾನು ಬೆಬ್ಬೆಬ್ಬೆ ಎಂದದ್ದೇ ಹೆಚ್ಚು. ನಾಲ್ಕನೆಯ ದಿನ ಒಂದು ಬದಲಾವಣೆ ಕಂಡಿತು: ಅನಿರೀಕ್ಷಿತ ಪ್ರಶ್ನೆ ಬಂದಾಗ “ಅದು ಪಾಠದಲ್ಲಿಲ್ಲ” ಎನ್ನುವ ಬದಲು ಬಾಯಿ ತಾನಾಗಿ “ನಿನಗೇನನ್ನಿಸ್ತದೆ?” ಎಂದಿತು.

ಮರುವಾರ ಅದೇ ತರಗತಿಗೆ ಹೋಗಿ ಆ ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. “ಮಣ್ಣು ಹಚ್ಚೋ ಮೊದಲು ಪೈಲ್ವಾನರ ಮೈ ಹೇಗಿರ್ತದೆ?” ಎಂದು ಕೇಳಿದೆ. “ಬೆವರಿರ್ತದೆ ಸರ್” ಎಂದರು. “ಬೆವರು ಎಲ್ಲಿಗೆ ಹೋಯ್ತು?” ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನೇ ಹೇಳಿದ: “ಮಣ್ಣು ಕುಡೀತು.” ಜಾರಿಸುತ್ತಿದ್ದ ಬೆವರಿನ ಪದರವನ್ನು ಮಣ್ಣು ಹೀರುತ್ತದೆ, ಕ್ಯಾರಂ ಪುಡಿ ಒಣ ಮೇಲ್ಮೈಗಳ ನಡುವೆ ಸೇರಿ ಅವನ್ನು ಸಲೀಸಾಗಿ ಜಾರಿಸುತ್ತದೆ. ಉಳಿದದ್ದನ್ನು ತರಗತಿಯೇ ಬಿಡಿಸಿತು. ಪಾಠಯೋಜನೆಯ ಎರಡು ಅಂಶ ಮರುದಿನಕ್ಕೆ ಉಳಿದವು. ಷರಾದಲ್ಲಿ ‘ಸಮಯಪಾಲನೆ ಸುಧಾರಿಸಬೇಕು’ ಎಂದಿದೆ. ಅದನ್ನು ಒಪ್ಪುತ್ತೇನೆ. ನನ್ನ ಸಲಹೆಯನ್ನು ಮುಂದಿನ ಬ್ಯಾಚಿನಿಂದಲಾದರೂ ಪರಿಶೀಲಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.