ಸಿಯಾಟಲ್‌ನ ಹಿಮ: ಸಲಿಕೆ ಹಿಡಿಯಬೇಕಾದವರು ಯಾರು?

ಅಮೆರಿಕದ ಹಿಮಪಾತವೆಂದರೆ ಊರಿನಲ್ಲಿರುವ ಬಂಧುಗಳ ಕಣ್ಣ ಮುಂದೆ ನಿಲ್ಲುವುದು ಷಿಕಾಗೊ, ಬಾಸ್ಟನ್‌ಗಳ ಚಿತ್ರ. ರಾತ್ರಿಯಿಡೀ ಹಿಮ ಸುರಿದರೂ ಬೆಳಗಾಗುವಷ್ಟರಲ್ಲಿ ಯಂತ್ರಗಳು ರಸ್ತೆಯನ್ನು ತೆರವುಗೊಳಿಸಿರುತ್ತವೆ, ಜನರು ಎಂದಿನಂತೆ ಕೆಲಸಕ್ಕೆ ಹೊರಡುತ್ತಾರೆ ಎಂಬ ಕಲ್ಪನೆ ಅವರದು. ಸಿಯಾಟಲ್ ಪ್ರದೇಶಕ್ಕೆ ಈ ಚಿತ್ರ ಹೊಂದುವುದಿಲ್ಲ. ಇಲ್ಲಿ ನಾಲ್ಕಾರು ಇಂಚು ಹಿಮ ಬಿದ್ದರೆ ಸಾಕು, ಶಾಲೆಗಳು ಮುಚ್ಚುತ್ತವೆ, ಬಸ್ಸುಗಳು ದಾರಿ ಬದಲಿಸುತ್ತವೆ, ಬಡಾವಣೆಯ ಒಳರಸ್ತೆಗಳು ದಿನಗಟ್ಟಲೆ ಬೆಳ್ಳಗೆ ಉಳಿಯುತ್ತವೆ. "ಅಷ್ಟು ಮುಂದುವರಿದ ದೇಶದಲ್ಲಿ ರಸ್ತೆ ತೆರವು ಮಾಡುವವರೇ ಇಲ್ಲವೇ?" ಎಂದು ತಂದೆತಾಯಿ ಕೇಳುವುದು ಸಹಜ. ಮಾಡುವವರಿದ್ದಾರೆ, ಆದರೆ ಅವರ ಕೆಲಸ ಮುಖ್ಯರಸ್ತೆಯ ತುದಿಗೆ ಮುಗಿಯುತ್ತದೆ. ಅಲ್ಲಿಂದ ಮನೆಬಾಗಿಲವರೆಗಿನ ಹೊಣೆ ಬಹುಮಟ್ಟಿಗೆ ನಿವಾಸಿಗಳದು.

ಇದಕ್ಕೆ ಹವಾಮಾನವೇ ಮೊದಲ ಕಾರಣ. ಇಲ್ಲಿಯ ಚಳಿಗಾಲ ಮೂಲತಃ ಮಳೆಗಾಲ. ಸೀಟ್ಯಾಕ್ ವಿಮಾನ ನಿಲ್ದಾಣದಲ್ಲಿ ದಾಖಲಾಗುವ ವಾರ್ಷಿಕ ಹಿಮ ಸರಾಸರಿ ಆರು ಇಂಚಿನ ಆಸುಪಾಸು. ಮಿನಿಯಾಪೊಲಿಸ್‌ನಲ್ಲಿ ಅದು ಐವತ್ತು ಇಂಚಿನಷ್ಟು. ಕೆಲವು ವರ್ಷ ಹಿಮವೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ 2019ರ ಫೆಬ್ರುವರಿಯೊಂದರಲ್ಲೇ ಅದೇ ನಿಲ್ದಾಣದಲ್ಲಿ 20.2 ಇಂಚು ಹಿಮ ಬಿದ್ದು, ರಾಜ್ಯಪಾಲರು ತುರ್ತುಸ್ಥಿತಿ ಘೋಷಿಸಬೇಕಾಯಿತು. 1969ರ ಜನವರಿಯ ನಂತರ ಅಷ್ಟು ಹಿಮ ಕಂಡ ತಿಂಗಳು ಬೇರೊಂದಿರಲಿಲ್ಲ. ಇಂತಹ ಅಪರೂಪದ ವಾರಕ್ಕಾಗಿ ನೂರಾರು ಯಂತ್ರಗಳನ್ನು ವರ್ಷವಿಡೀ ಸಾಕುವುದು ಯಾವ ನಗರಕ್ಕೂ ಸುಲಭವಲ್ಲ. ಜೊತೆಗೆ ಕ್ವೀನ್ ಆ್ಯನ್, ಕ್ಯಾಪಿಟಲ್ ಹಿಲ್‌ಗಳಂತಹ ಕಡಿದಾದ ದಿಣ್ಣೆಗಳಿವೆ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ತೆಳುಗಾಜಿನಂತೆ ರಸ್ತೆಗೆ ಅಂಟಿಕೊಳ್ಳುತ್ತದೆ.

ಹಾಗೆಂದು ನಗರಾಡಳಿತ ಕೈಕಟ್ಟಿ ಕೂರುವಂತಿಲ್ಲ ಎಂಬುದನ್ನು ಇಲ್ಲಿಯ ಮತದಾರರು ಒಮ್ಮೆ ಸ್ಪಷ್ಟವಾಗಿ ತಿಳಿಸಿದ್ದಾರೆ. 2008ರ ಡಿಸೆಂಬರಿನಲ್ಲಿ ದೀರ್ಘ ಹಿಮಪಾತವಾದಾಗ, ಪ್ಯೂಜೆಟ್ ಸೌಂಡ್ ಜಲರಾಶಿಗೆ ಹಾನಿಯಾದೀತೆಂಬ ಕಾರಣದಿಂದ ನಗರವು ರಸ್ತೆಗೆ ಉಪ್ಪು ಹಾಕುತ್ತಿರಲಿಲ್ಲ. ರಬ್ಬರ್ ಅಂಚಿನ ಹಲಗೆಗಳನ್ನು ಬಳಸಿದ್ದರಿಂದ ಹಿಮ ಪೂರ್ಣ ಹೋಗದೆ ಗಟ್ಟಿಪದರವಾಗಿ ಉಳಿಯಿತು. ಡಿಸೆಂಬರ್ 19ರಂದು ಕ್ಯಾಪಿಟಲ್ ಹಿಲ್‌ನ ಇಳಿಜಾರಿನಲ್ಲಿ ಜಾರಿದ ಬಸ್ಸು ತಡೆಗೋಡೆ ಮುರಿದು ಹೆದ್ದಾರಿಯ ಮೇಲ್ಗಡೆ ತೂಗಾಡುತ್ತ ನಿಂತ ದೃಶ್ಯ ದೇಶವಿಡೀ ಸುದ್ದಿಯಾಯಿತು. ಅಂದಿನ ಮೇಯರ್ ಗ್ರೆಗ್ ನಿಕಲ್ಸ್ ನಗರದ ಕಾರ್ಯವೈಖರಿಗೆ 'ಬಿ' ದರ್ಜೆ ಕೊಟ್ಟುಕೊಂಡದ್ದು ಜನರ ಸಿಟ್ಟನ್ನು ಹೆಚ್ಚಿಸಿತು. 2009ರ ಆಗಸ್ಟ್‌ನ ಪ್ರಾಥಮಿಕ ಚುನಾವಣೆಯಲ್ಲಿ ಅವರು ಮೂರನೆಯ ಸ್ಥಾನಕ್ಕೆ ಕುಸಿದು ಸ್ಪರ್ಧೆಯಿಂದ ಹೊರಬಿದ್ದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಹಿಮವನ್ನು ಬಿಟ್ಟು ಅದರ ಕಥೆ ಹೇಳುವವರು ಕಡಿಮೆ.

ಅಂದಿನಿಂದ ನೀತಿ ಬದಲಾಗಿದೆ. ಈಗ ಮುನ್ಸೂಚನೆ ಬಂದ ಕೂಡಲೇ ಮುಖ್ಯರಸ್ತೆ, ಸೇತುವೆಗಳಿಗೆ ಉಪ್ಪುನೀರು ಸಿಂಪಡಿಸುತ್ತಾರೆ. ಆಸ್ಪತ್ರೆ, ಅಗ್ನಿಶಾಮಕ ಠಾಣೆ, ಬಸ್ ಮಾರ್ಗಗಳನ್ನು ಜೋಡಿಸುವ ರಸ್ತೆಗಳ ನಕ್ಷೆಯನ್ನು ಮೊದಲೇ ಪ್ರಕಟಿಸಿ, ಹಿಮಪಾತ ಬಿಡುವು ಕೊಟ್ಟ 12 ಗಂಟೆಗಳಲ್ಲಿ ಅವನ್ನು ತೆರವುಗೊಳಿಸುವ ಗುರಿ ಇಟ್ಟುಕೊಂಡಿದ್ದಾರೆ. ಆ ನಕ್ಷೆಯಲ್ಲಿಲ್ಲದ ಒಳರಸ್ತೆಗಳಿಗೆ ಯಂತ್ರ ಬರುವುದಿಲ್ಲ. ಬೆಲ್‌ವ್ಯೂ, ರೆಡ್‌ಮಂಡ್ ಮೊದಲಾದ ಊರುಗಳಿಗೆ ಅವುಗಳದೇ ಆಡಳಿತ, ಅವುಗಳದೇ ಆದ್ಯತಾಪಟ್ಟಿ. ಹೆದ್ದಾರಿಗಳನ್ನು ನೋಡಿಕೊಳ್ಳುವುದು ರಾಜ್ಯದ ಸಾರಿಗೆ ಇಲಾಖೆ. ಕಿಂಗ್ ಕೌಂಟಿಯ ಬಸ್ಸುಗಳು ಚಕ್ರಕ್ಕೆ ಸರಪಳಿ ಬಿಗಿದುಕೊಂಡು, ದಿಣ್ಣೆಗಳನ್ನು ತಪ್ಪಿಸುವ ಬದಲಿ ಮಾರ್ಗಗಳಲ್ಲಿ ಓಡುತ್ತವೆ.

ಇನ್ನು ಪಾದಚಾರಿ ಮಾರ್ಗದ ವಿಷಯ. ಭೂಮಿ ಸಾರ್ವಜನಿಕವಾದರೂ, ಮನೆಯ ಇಲ್ಲವೇ ಅಂಗಡಿಯ ಮುಂದಿನ ಪಾದಚಾರಿ ಮಾರ್ಗದಿಂದ ಹಿಮವನ್ನೂ ಮಂಜುಗಡ್ಡೆಯನ್ನೂ ತೆಗೆಯುವುದು ಆ ಜಾಗಕ್ಕೆ ಸೇರಿದವರ ಕರ್ತವ್ಯವೆಂದು ಸಿಯಾಟಲ್‌ನ ನಗರ ಸಂಹಿತೆ ಹೇಳುತ್ತದೆ. ಮೂಲೆಯ ಮನೆಯವರು ಎರಡೂ ಬದಿಯನ್ನು ನೋಡಿಕೊಳ್ಳಬೇಕು. ರಸ್ತೆಗಿಳಿಯುವ ಇಳಿಜಾರನ್ನೂ ಬಿಡುವಂತಿಲ್ಲ. ತೆಗೆದ ಹಿಮವನ್ನು ರಸ್ತೆಗೆ ಎಸೆಯಬಾರದು, ಚರಂಡಿಯ ಬಾಯಿ ಮುಚ್ಚಬಾರದು. ದಂಡಕ್ಕೆ ಅವಕಾಶವಿದ್ದರೂ ಅದನ್ನು ವಿಧಿಸುವುದು ವಿರಳ. ಮಿನಿಯಾಪೊಲಿಸ್‌ನಲ್ಲಿ ಹಾಗಲ್ಲ: ಒಂಟಿ ಮನೆಗಳಿಗೆ 24 ಗಂಟೆ, ದೊಡ್ಡ ಕಟ್ಟಡಗಳಿಗೆ ಹಗಲಿನ 4 ಗಂಟೆ ಗಡುವು, ತಪ್ಪಿದರೆ ನಗರವೇ ತೆಗೆಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡುತ್ತದೆ.

ಸಿಯಾಟಲ್ ವ್ಯವಸ್ಥೆಯ ದುರ್ಬಲ ಕೊಂಡಿ ಇಲ್ಲಿಯೇ ಇದೆ. ಹತ್ತು ಮನೆಯವರು ಸಲಿಕೆ ಹಿಡಿದು, ಹನ್ನೊಂದನೆಯವರು ಸುಮ್ಮನಿದ್ದರೆ ಗಾಲಿಕುರ್ಚಿಯವರ ದಾರಿ ಅಲ್ಲಿಗೇ ನಿಲ್ಲುತ್ತದೆ. ಕಾರಿರುವವರು, ಮನೆಯಿಂದಲೇ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು ನಾಲ್ಕು ದಿನ ಕಾಯಬಲ್ಲರು. ಬಸ್ಸಿಗಾಗಿ ನಡೆಯುವ ದಾದಿ, ಔಷಧಿಗೆ ಹೊರಟ ವೃದ್ಧೆ, ಅಂಚೆ ಹಂಚುವವನು ಕಾಯಲಾರರು. ವಾಹನಗಳ ದಾರಿಯನ್ನು ತೆರಿಗೆಯ ಹಣದಿಂದ ತೆರವುಗೊಳಿಸಿ, ನಡೆಯುವವರ ದಾರಿಯನ್ನು ನೆರೆಯವರ ಒಳ್ಳೆಯತನಕ್ಕೆ ಬಿಡುವುದು ನ್ಯಾಯವೇ ಎಂಬ ಪ್ರಶ್ನೆಗೆ ತೂಕವಿದೆ. ಬಸ್ ನಿಲ್ದಾಣ, ಆಸ್ಪತ್ರೆಗಳ ಸುತ್ತಲಿನ ಪಾದಚಾರಿ ಮಾರ್ಗಗಳನ್ನಾದರೂ ನಗರವೇ ಪೂರ್ತಿಯಾಗಿ ವಹಿಸಿಕೊಳ್ಳುವುದು ಉಚಿತ. ಅಲ್ಲಿಯವರೆಗೆ ನಿವಾಸಿಯ ಸಲಿಕೆಯೇ ಗತಿ.

ಈ ಹೊಣೆ ನಮಗೆ ತೀರ ಹೊಸದೂ ಅಲ್ಲ. ಬೆಳಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಇಡುವ ಮನೆಗಳಲ್ಲಿ ಬೆಳೆದವರು ನಾವು. ಮುಂಗಾರಿಗೆ ಮೊದಲು ಮಲೆನಾಡಿನ ಮನೆಯವರು ತಮ್ಮ ಮುಂದಿನ ಚರಂಡಿಯನ್ನು ಬಿಡಿಸಿಕೊಳ್ಳುವುದು ಯಾವ ನೋಟಿಸಿಗೂ ಕಾದು ಅಲ್ಲ. ಆದರೆ ರಂಗೋಲಿಯ ಗೆರೆಯಾಚೆಗಿನದು 'ಸರ್ಕಾರದ್ದು' ಎಂಬ ಭಾವವೂ ನಮ್ಮಲ್ಲಿ ಅಷ್ಟೇ ಗಟ್ಟಿ. ಸಿಯಾಟಲ್‌ನಲ್ಲಿ ಆ ಗೆರೆಯನ್ನು ನಾಲ್ಕಡಿ ಮುಂದಕ್ಕೆ ಎಳೆಯಬೇಕಾಗುತ್ತದೆ.

ಇಲ್ಲಿಗೆ ಬರಲಿರುವವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಹಿಮ ತೆಗೆಯುವ ಹೊಣೆ ಮಾಲೀಕರದೋ, ಬಾಡಿಗೆದಾರರದೋ ನೋಡಿಕೊಳ್ಳುವುದು ಕ್ಷೇಮ. ಮನೆ ಆರಿಸುವಾಗ ಶಾಲೆಯ ಅಂಕಗಳ ಜೊತೆಗೆ ದಿಣ್ಣೆಯ ಇಳಿಜಾರನ್ನೂ, ತೆರವುಗೊಳ್ಳುವ ರಸ್ತೆ ಎಷ್ಟು ದೂರವೆಂಬುದನ್ನೂ ಗಮನಿಸಬೇಕು. ಸಲಿಕೆ, ಒಂದು ಚೀಲ ಉಪ್ಪನ್ನು ನವೆಂಬರಿನಲ್ಲೇ ಕೊಳ್ಳಬೇಕು. ಹಿಮದ ಸುದ್ದಿ ಬಂದ ಮೇಲೆ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಚಳಿಗಾಲದಲ್ಲಿ ಮಕ್ಕಳ ಮನೆಗೆ ಬರುವ ಹಿರಿಯರು ಹಿಡಿತವಿರುವ ಅಟ್ಟೆಯ ಬೂಟು ತರಲಿ, ಸಲಿಕೆಯ ಕೆಲಸಕ್ಕೆ ಕೈಹಾಕದಿರಲಿ. ಒದ್ದೆ ಹಿಮದ ಭಾರ ಹೃದಯಕ್ಕೆ ಒಳ್ಳೆಯದಲ್ಲ.

ಅಕ್ಕಪಕ್ಕದಲ್ಲಿ ಒಂಟಿಯಾಗಿರುವ ವೃದ್ಧರಿದ್ದರೆ ಅವರ ಮುಂದಿನ ದಾರಿಯನ್ನೂ ಬಿಡಿಸಿಕೊಡಬಹುದು. ಹೆಸರು ಗೊತ್ತಿಲ್ಲದ ನೆರೆಯವರೊಡನೆ ಮಾತು ಶುರುವಾಗಲು ಅದಕ್ಕಿಂತ ಒಳ್ಳೆಯ ನೆಪ ಈ ಊರಿನಲ್ಲಿ ಸಿಗಲಾರದು.