ಟವರಿನ ಲೆಕ್ಕ, ಮೇಸ್ತ್ರಿಯ ಲೆಕ್ಕ

ಹುಣಸೂರು ಕಡೆಯ ಹುಡುಗನೊಬ್ಬ ಮೈಸೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಬುದ್ಧಿವಂತ, ಹಿರಿಯರೆಂದರೆ ಗೌರವ ಉಳ್ಳವನು. ಈಚೆಗೆ ಮನೆಗೆ ಬಂದವನು ಕಾಫಿ ಆರುವುದಕ್ಕೂ ಬಿಡದೆ ಲ್ಯಾಪ್‌ಟಾಪ್ ಬಿಚ್ಚಿ ಒಂದು ನಕ್ಷೆ ತೋರಿಸಿದ. ಮೊಬೈಲ್ ಟವರುಗಳ ದಾಖಲೆಯಿಂದ ಜನರ ಓಡಾಟವನ್ನು ಅಂದಾಜು ಮಾಡುವ ನಕ್ಷೆಯಂತೆ, ಮಾದರಿಗೆಂದು ಮಾಡಿದ್ದು. ಹುಣಸೂರಿನಿಂದ ಮೈಸೂರಿಗೆ ಹಗ್ಗದಷ್ಟು ದಪ್ಪದ ಗೆರೆ. ಕೆ.ಆರ್. ನಗರದಿಂದಲೂ ಹಾಗೇ. ಪಿರಿಯಾಪಟ್ಟಣದಿಂದ ಸ್ವಲ್ಪ ಸಣ್ಣದು. ಎಚ್.ಡಿ. ಕೋಟೆಯಿಂದ ಹೊರಟದ್ದು ಹೊಲಿಗೆಯ ದಾರ. ಕೊಡಗಿನ ಕಡೆಗೆ ಹೋಗುವ ಗೆರೆಯನ್ನು ಕನ್ನಡಕ ಒರೆಸಿಕೊಂಡು ಹುಡುಕಬೇಕಾಯಿತು.

'ಇದಿದ್ದರೆ ಬಸ್ಸು ಎಲ್ಲಿಗೆ ಬೇಕು ಅಂತ ಜನರನ್ನ ಕೇಳೋ ಹಂಗೇ ಇಲ್ಲ ಸಾರ್' ಎಂದ.

ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಹುಡುಗನ ಮೇಲಲ್ಲ. ಜನರನ್ನು ಕೇಳುವ ಹಂಗು ತಪ್ಪಿತು ಎಂದು ಸಂತೋಷಪಡುವ ಒಂದು ಬುದ್ಧಿ ಈಗ ಕಚೇರಿಗಳಲ್ಲಿ, ಸಭೆಗಳಲ್ಲಿ, ಯೋಜನಾ ವರದಿಗಳಲ್ಲಿ ಬೆಳೆಯುತ್ತಿದೆಯಲ್ಲ, ಅದರ ಮೇಲೆ.

ಈ ವಿದ್ಯೆ ಏನೆಂದು ಮೊದಲು ನೋಡೋಣ. ನೀವು ಕರೆ ಮಾಡಿದಾಗ, ಮೆಸೇಜು ಕಳಿಸಿದಾಗ, ಇಂಟರ್‌ನೆಟ್ ಬಳಸಿದಾಗ ಯಾವ ಟವರಿನ ಮೂಲಕ ಆ ಕೆಲಸ ನಡೆಯಿತು ಎನ್ನುವುದು ಫೋನ್ ಕಂಪನಿಯ ಕಡತದಲ್ಲಿ ಬೀಳುತ್ತದೆ. ಬಿಲ್ಲಿನ ಲೆಕ್ಕಕ್ಕೆಂದು ಹುಟ್ಟಿದ ಕಡತ ಅದು. ಭದ್ರತೆಯ ಕಾರಣಕ್ಕೆ ಕಂಪನಿಗಳು ಅದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪರವಾನಗಿಯ ಷರತ್ತನ್ನು ಬದಲಾಯಿಸಿತು. ಒಂದು ಫೋನು ರಾತ್ರಿ ಹೆಚ್ಚಾಗಿ ಯಾವ ಟವರಿನ ಕೆಳಗಿರುತ್ತದೋ ಅದು ಅದರ ಒಡೆಯನ ಮನೆ. ಹಗಲು ಎಲ್ಲಿರುತ್ತದೋ ಅದು ಅವನ ಕೆಲಸದ ಜಾಗ. ಎರಡರ ನಡುವೆ ಗೆರೆ ಎಳೆದರೆ ಒಂದು ಪ್ರಯಾಣ. ಆ ಕಂಪನಿಯ ಗಿರಾಕಿಗಳು ಒಟ್ಟು ಜನರಲ್ಲಿ ಎಷ್ಟು ಪಾಲು ಎಂದು ನೋಡಿ ಗುಣಿಸಿದರೆ ತಾಲ್ಲೂಕಿನ ಸಂಚಾರವೇ ಸಿದ್ಧ.

ಇದೆಲ್ಲ ಬರೀ ಬೂಟಾಟಿಕೆ ಎಂದು ನಾನು ಹೇಳುವುದಿಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಬಿಟ್ಟು ಓಡಿದ ಲಕ್ಷಾಂತರ ಜನ ಯಾವ ಕಡೆ ಹೋದರೆಂದು ಸುಮಾರು 19 ಲಕ್ಷ ಸಿಮ್ಮುಗಳ ದಾಖಲೆಯಿಂದ ಅಂದಾಜು ಮಾಡಿದರು. ಕೀನ್ಯಾದಲ್ಲಿ ಒಂದೂವರೆ ಕೋಟಿ ಫೋನುಗಳ ದಾಖಲೆ ಇಟ್ಟುಕೊಂಡು ಮಲೇರಿಯಾ ಯಾವ ದಾರಿಯಲ್ಲಿ ಊರಿಂದೂರಿಗೆ ಹೋಗುತ್ತದೆಂದು 2012ರಲ್ಲಿ ತೋರಿಸಿಕೊಟ್ಟರು. 2013ರಲ್ಲಿ ಐಬಿಎಂ ಕಂಪನಿಯವರು ಐವರಿ ಕೋಸ್ಟಿನ ಅಬಿಜಾನ್ ನಗರದ ಬಸ್ಸಿನ ಮಾರ್ಗಗಳನ್ನೇ ಇಂಥ ದಾಖಲೆಯಿಂದ ತಿದ್ದಿ ನೋಡಿದರು. ಮನೆಮನೆಗೆ ಹೋಗಿ ಕೇಳಲು ಸಮಯವಿಲ್ಲದ ಕಡೆ, ಕೇಳುವವರೇ ಇಲ್ಲದ ಕಡೆ ಇದು ದೊಡ್ಡ ಉಪಕಾರ. ನಮ್ಮಲ್ಲೇ ಚುಂಚನಕಟ್ಟೆ ಜಾತ್ರೆಗೆ ಎಲ್ಲೆಲ್ಲಿಂದ ಜನ ಬರುತ್ತಾರೆಂದು ತಿಳಿಯಬೇಕಾದರೆ ಟವರಿನ ಲೆಕ್ಕ ಧಾರಾಳವಾಗಿ ನೋಡಿ. ಯಾರೂ ಬೇಡವೆನ್ನುವುದಿಲ್ಲ.

ಆದರೆ ಬೆಳಗಿನ ಐದೂವರೆಗೆ ಪಿರಿಯಾಪಟ್ಟಣದ ಕಡೆಯ ಯಾವುದಾದರೂ ಹಳ್ಳಿಯ ಗೇಟಿನಲ್ಲಿ ನಿಂತು ನೋಡಿ. ಡಿಸೆಂಬರಿನಿಂದ ಮಾರ್ಚಿಯವರೆಗೆ, ಕೊಡಗಿನಲ್ಲಿ ಕಾಫಿ ಕುಯ್ಲಿರುವ ಕಾಲದಲ್ಲಿ ನಿಲ್ಲಬೇಕು. ತಲೆಗೆ ಟವಲು ಸುತ್ತಿ, ಗಂಡನ ಹಳೇ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಬುತ್ತಿ ಹಿಡಿದು ಹೆಂಗಸರು ನಿಂತಿರುತ್ತಾರೆ. ಮೇಸ್ತ್ರಿಯ ಪಿಕಪ್ ಬರುತ್ತದೆ. ಸಾಮಾನು ಹೊರುವ ಗಾಡಿಯಲ್ಲಿ ಸಾಮಾನಿನ ಹಾಗೇ ತುಂಬಿಕೊಂಡು ಬೈಲಕುಪ್ಪೆ, ಕೊಪ್ಪ ದಾಟಿ ಕುಶಾಲನಗರದ ಕಡೆಗೆ ಹೋಗುತ್ತಾರೆ. ಹುಣಸೂರು ಕಡೆಯವರು ಆನೆಚೌಕೂರಿನ ಕಾಡಿನ ರಸ್ತೆ ಹಿಡಿದು ತಿತಿಮತಿ, ಗೋಣಿಕೊಪ್ಪದ ಕಡೆಗೆ. ಕತ್ತಲಾದ ಮೇಲೆ ವಾಪಸು.

ಇವರ ಕೈಯಲ್ಲಿ ಫೋನಿರುವುದಿಲ್ಲವೇ? ಕೆಲವರ ಕೈಯಲ್ಲಿರುತ್ತದೆ. ನಮ್ಮ ಬೀದಿಯ ಒಬ್ಬ ಹೆಂಗಸನ್ನು ಕೇಳಿದೆ. 'ಮನೇಲಿ ಒಂದೇ ಫೋನು ಕಣಣ್ಣ, ಮಗ ಸ್ಕೂಲಿಂದ ಬಂದಮೇಲೆ ಬೇಕಲ್ಲ, ಅದ್ಕೇ ಬಿಟ್ಟೋಯ್ತೀನಿ' ಎಂದಳು. ಹೀಗೆ ಅವಳು ಕೊಡಗಿನಲ್ಲಿ ಕಾಫಿ ಬಿಡಿಸುವಾಗ ಅವಳ ಫೋನು ಮನೆಯಲ್ಲಿ ಮಗನ ಕೈಯಲ್ಲಿ ವಿಡಿಯೊ ನೋಡುತ್ತಿರುತ್ತದೆ. ಟವರಿನ ಪ್ರಕಾರ ಆಕೆ ಮನೆ ಬಿಟ್ಟು ಕದಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ತಾವೇ ಬಳಸುವ ಮೊಬೈಲು ಇರುವ ಹೆಂಗಸರು ನೂರಕ್ಕೆ 54. ಹಳ್ಳಿಗಳಲ್ಲಿ ಅರ್ಧಕ್ಕಿಂತ ಕಡಿಮೆ. ಪೇಟೆಯಲ್ಲಿ ಒಬ್ಬನೇ ಎರಡು ಸಿಮ್ ಇಟ್ಟುಕೊಂಡು ಎರಡು ತಲೆಯಾಗುತ್ತಾನೆ. ಇಲ್ಲಿ ಇಬ್ಬರು ಮೂವರು ಸೇರಿ ಒಂದು ತಲೆ. ಗುಣಿಸಿ ಸರಿಮಾಡುತ್ತೇವೆ ಎನ್ನುತ್ತಾರೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಏನು ಬರುತ್ತದೆಂದು ನಮ್ಮ ಹಳ್ಳಿ ಶಾಲೆಯಲ್ಲೂ ಹೇಳಿಕೊಡುತ್ತಾರೆ.

ಎಚ್.ಡಿ. ಕೋಟೆಯ ಕಡೆ ಇನ್ನೂ ವಿಚಿತ್ರ. ಹಾಡಿಗಳಿಂದ ಕುಟುಂಬ ಸಮೇತ ಕೊಡಗಿನ ತೋಟಗಳಿಗೆ ಹೋದವರು ಲೈನುಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತಾರೆ. ಅಷ್ಟು ರಾತ್ರಿ ಅಲ್ಲಿ ಮಲಗಿದರೆ ಟವರಿನ ಲೆಕ್ಕದಲ್ಲಿ ಅವರು ಕೊಡಗಿನ ಕಾಯಂ ನಿವಾಸಿಗಳು. ಊರಿಗೆ ಬಂದಾಗ ನೆಂಟರು! ಇನ್ನು ಬೈರಕುಪ್ಪೆಯಂಥ ಊರುಗಳು ಕಬಿನಿಯ ದಂಡೆಯಲ್ಲಿವೆ. ನದಿಯ ಆಚೆ ದಡವೇ ಕೇರಳ. ಫೋನಿಗೆ ರಾಜ್ಯದ ಗಡಿ ಗೊತ್ತಿಲ್ಲ, ಆಚೆ ಕಡೆಯ ಟವರು ಚುರುಕಾಗಿದ್ದರೆ ಅದನ್ನೇ ಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಈಚೆಯದನ್ನು ಹಿಡಿಯುತ್ತದೆ. ಜಗಲಿಯ ಮೇಲೆ ಬೀಡಿ ಸೇದುತ್ತ ಕೂತ ಮುದುಕ ದಿನಕ್ಕೆ ಹತ್ತು ಸಲ ಹೊಳೆ ದಾಟಿ ಕೇರಳಕ್ಕೆ ಹೋಗಿಬಂದವನಾಗುತ್ತಾನೆ. ನಿಜವಾಗಿ ದೋಣಿಯಲ್ಲಿ ದಾಟಿ ಸಂತೆ ಮಾಡಿಕೊಂಡು ಬಂದವಳು, ಆ ಹೊತ್ತಿನಲ್ಲಿ ಫೋನು ಮುಟ್ಟದಿದ್ದರೆ, ಹೋಗಲೇ ಇಲ್ಲ. ಇಂಥ ಜಿಗಿತಗಳನ್ನು ಸೋಸಿ ತೆಗೆಯುವ ಉಪಾಯಗಳಿವೆ ಎಂದು ಹುಡುಗ ಹೇಳಿದ. ಇರಬಹುದು. ಮುದುಕನನ್ನು ಸೋಸುವ ಜರಡಿಯಲ್ಲಿ ಸಂತೆಗೆ ಹೋದವಳೂ ಸೋಸಿಹೋಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಸುಮ್ಮನಾದ.

ಕೆ.ಆರ್. ನಗರದ್ದು ಬೇರೆ ಕಥೆ. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ಲುವ ಊರು ಅದೊಂದೇ. ಕಾಲೇಜು ಹುಡುಗರು, ನೌಕರರು ಎಲ್ಲರ ಜೇಬಿನಲ್ಲೂ ಫೋನು, ಅದಕ್ಕೇ ಗೆರೆ ಅಷ್ಟು ದಪ್ಪ. ಆದರೆ ಅವರು ಮೈಸೂರಿಗೆ ಹೋದದ್ದು ರೈಲಿನಲ್ಲೋ ಬಸ್ಸಿನಲ್ಲೋ ಟವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಬಸ್ಸು ಬಿಡುವವರಿಗೆ ಬೇಕಾದದ್ದು ಅದೇ ತಾನೆ.

ಇಷ್ಟಕ್ಕೂ ಈ ಕೂಲಿಯವರನ್ನು ಲೆಕ್ಕದಿಂದ ಬಿಟ್ಟದ್ದು ಟವರೇ ಮೊದಲಲ್ಲ. 2011ರ ಜನಗಣತಿಯಲ್ಲಿ ಕೆಲಸದ ಜಾಗ ಮನೆಯಿಂದ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆ ಇತ್ತು. ಆ ಪ್ರಶ್ನೆಯನ್ನು ಕೇಳಿದ್ದು 'ಇತರೆ ಕೆಲಸಗಾರ'ರನ್ನು ಮಾತ್ರ. ಬೇಸಾಯಗಾರರನ್ನು, ಕೃಷಿ ಕೂಲಿಗಳನ್ನು ಕೇಳಲಿಲ್ಲ. ಕೂಲಿಯವಳು ಪಕ್ಕದ ಹೊಲಕ್ಕೆ ನಡೆದು ಹೋಗುತ್ತಾಳೆ, ಅದರಲ್ಲಿ ಕೇಳುವುದೇನು ಎಂದು ದೆಹಲಿಯಲ್ಲಿ ಕೂತವರು ಅಂದುಕೊಂಡಿರಬೇಕು. 2021ಕ್ಕೆ ಆಗಬೇಕಿದ್ದ ಗಣತಿಯನ್ನಂತೂ 2027ಕ್ಕೆ ತಳ್ಳಿದರು. ಹತ್ತಾರು ವರ್ಷ ಹಳೆಯ ಅಂಕಿಯಿಂದ ಬೇಸತ್ತವರು ಫೋನಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಳೆಯ ಲೆಕ್ಕ ಕೇಳದೆ ಬಿಟ್ಟವರನ್ನೇ ಹೊಸ ಲೆಕ್ಕವೂ ಬಿಟ್ಟರೆ, ಅದನ್ನು ಹೊಸದೆಂದು ಯಾಕೆ ಕರೆಯಬೇಕು?

ತಪ್ಪು ನಕ್ಷೆ ಲ್ಯಾಪ್‌ಟಾಪಿನಲ್ಲೇ ಉಳಿದಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಅದು ಹೋಗುವುದು ಬಸ್ಸಿನ ವೇಳಾಪಟ್ಟಿಗೆ. ನಮ್ಮ ಹಳ್ಳಿಗಳಿಂದ ಆ ಹೊತ್ತಿಗೆ ಕೊಡಗಿನ ಕಡೆ ಬಸ್ಸಿಲ್ಲ. ಅದಕ್ಕೇ ಪಿಕಪ್ಪು ಹತ್ತುತ್ತಾರೆ. ಹತ್ತಿದವರು ಟವರಿಗೆ ಕಾಣುವುದಿಲ್ಲ. ಕಾಣದ್ದರಿಂದ ಗೆರೆ ಇಲ್ಲ. ಗೆರೆ ಇಲ್ಲದ್ದರಿಂದ ಬೇಡಿಕೆ ಇಲ್ಲ. ಬೇಡಿಕೆ ಇಲ್ಲದ್ದರಿಂದ ಬಸ್ಸಿಲ್ಲ. ಇದು ಗಾಣದೆತ್ತಿನ ಸುತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಸಂತೋಷ. ಆದರೆ ಬಾರದ ಬಸ್ಸಿನಲ್ಲಿ ಉಚಿತವಾಗಿ ಹೋಗುವುದು ಹೇಗೆ? ಆ ಹೆಂಗಸರ ಗಾಡಿಯ ಬಾಡಿಗೆ ಒಂದಲ್ಲ ಒಂದು ರೀತಿ ಅವರ ಕೂಲಿಯಿಂದಲೇ ಹೋಗುತ್ತದೆ.

ಬಾಡಿಗೆಯಾದರೂ ಹೋಗಲಿ. ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಅದು ಮಗುಚಿದರೆ? ಸರಕು ವಾಹನದಲ್ಲಿ ಹಾಗೇ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಎಂದರೆ ಬದುಕಿದ್ದಾಗ ಟವರಿನ ಲೆಕ್ಕಕ್ಕಿಲ್ಲ, ಸತ್ತರೆ ವಿಮೆಯ ಲೆಕ್ಕಕ್ಕೂ ಸಿಗುವುದು ಕಷ್ಟ. ಅಪಘಾತವಾದ ಮಾರನೆಯ ದಿನ ಪೇಪರಿನಲ್ಲಿ ಮಾತ್ರ ಎಣಿಕೆ ಸರಿಯಾಗಿರುತ್ತದೆ, ಊರು ಹೆಸರು ಸಮೇತ.

ಕಾಣುವವರ ಕಷ್ಟವೂ ಒಂದಿದೆ. ಹೆಸರು ಅಳಿಸಿಯೇ ಕೊಡುತ್ತೇವೆ ಎನ್ನುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ ದಾಖಲೆ ಪರಿಶೀಲಿಸಿ, ಎಲ್ಲಿ ಯಾವಾಗ ಇದ್ದ ಎನ್ನುವ ನಾಲ್ಕು ಸುಳಿವು ಸಿಕ್ಕರೆ ನೂರಕ್ಕೆ 95 ಜನರನ್ನು ಗುಂಪಿನಿಂದ ಬೇರ್ಪಡಿಸಬಹುದು ಎಂದು ತೋರಿಸಿದರು. ಹಳ್ಳಿಯಲ್ಲಿ ನಾಲ್ಕು ಯಾಕೆ, ವಾರಕ್ಕೊಮ್ಮೆ ಬೆಟ್ಟದಪುರಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿಯುವವನು ಯಾರೆಂದು ಟೀ ಅಂಗಡಿಯವನೇ ಹೇಳಿಯಾನು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಮ್ಮ ಓಡಾಟದ ದಾಖಲೆ ಬಳಸುವಾಗ ಕೇಳಿ ಬಳಸಿ, ಅದರಿಂದ ಮಾಡಿದ ನಕ್ಷೆಯನ್ನು ನಮಗೂ ತೋರಿಸಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಹಾಗಾದರೆ ಏನು ಮಾಡಬೇಕು ಸಾರ್ ಎಂದ ಹುಡುಗ. ಅವನ ದನಿಯಲ್ಲಿ ಉದ್ಧಟತನ ಇರಲಿಲ್ಲ, ನಿಜವಾಗಿಯೇ ಕೇಳಿದ.

ಮೇಸ್ತ್ರಿಯ ಹತ್ತಿರ ಹೋಗು ಎಂದೆ. ಅವನ ಜೇಬಿನಲ್ಲಿ ಬೆವರಿಗೆ ನೆಂದ ಒಂದು ಸಣ್ಣ ಪುಸ್ತಕ ಇರುತ್ತದೆ. ಯಾವ ಊರಿಂದ ಎಷ್ಟು ಆಳು, ಯಾವ ತೋಟಕ್ಕೆ, ಎಷ್ಟು ದಿನ ಎಲ್ಲ ಅದರಲ್ಲಿದೆ, ಯಾಕೆಂದರೆ ತಲೆಗಿಷ್ಟು ಎಂದು ಅವನಿಗೆ ಕಮಿಷನ್ನು. ಅವನು ತೋರಿಸಲಾರ ಅನ್ನು, ಆಗ ರಸ್ತೆಯಲ್ಲಿ ನಿಂತು ಎಣಿಸು. ಕಾಫಿ ಕುಯ್ಲಿನಲ್ಲಿ ಒಂದು ವಾರ, ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಒಂದು ವಾರ. ಕೂಲಿಯವರ ದಿಕ್ಕು ಎರಡು ಕಾಲಕ್ಕೂ ಒಂದೇ ಅಲ್ಲ. ಕೊಪ್ಪದ ಸೇತುವೆಯ ಹತ್ತಿರ ಒಬ್ಬ, ಆನೆಚೌಕೂರು ಗೇಟಿನಲ್ಲಿ ಒಬ್ಬ, ಕೋಟೆ ಕಡೆಯ ಹ್ಯಾಂಡ್‌ಪೋಸ್ಟಿನಲ್ಲಿ ಒಬ್ಬ, ಬೆಳಿಗ್ಗೆ ಐದರಿಂದ ಎಂಟು. ಜೊತೆಗೆ ಪ್ರತಿ ತಾಲ್ಲೂಕಿನಲ್ಲೂ ಕೆಲವು ಹಳ್ಳಿ, ಕೆಲವು ಹಾಡಿ ಆರಿಸಿಕೊಂಡು ಮನೆಗೆ ಹೋಗಿ ಹೆಂಗಸರನ್ನೇ ಕೇಳಬೇಕು, ಗಂಡಸರನ್ನಲ್ಲ: ನಿನ್ನೆ ಎಲ್ಲಿಗೆ ಹೋಗಿದ್ದೆ, ಯಾವುದರಲ್ಲಿ ಹೋದೆ, ಫೋನು ಎಲ್ಲಿತ್ತು? ಡಿಪೋಗೆ ಹೋಗಿ ಕಂಡಕ್ಟರುಗಳ ಟಿಕೆಟ್ ಮೆಷಿನ್ನಿನ ಲೆಕ್ಕ ಕೇಳು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟುಗಳೂ ಅದರಲ್ಲಿವೆ. ಇವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ನಿನ್ನ ನಕ್ಷೆಯನ್ನು ತಿದ್ದು. ಕೊಡಗಿನ ಕಡೆಯ ಆ ಗೆರೆ ಎಷ್ಟು ದಪ್ಪವಾಗುತ್ತದೆಂದು ಆಮೇಲೆ ಬಂದು ತೋರಿಸು.

'ಇದಕ್ಕೆ ಬಜೆಟ್ ಇಲ್ಲ ಸಾರ್' ಎಂದ.

ಟವರಿನ ದಾಖಲೆ ಖರೀದಿಗೆ ಬಜೆಟ್ ಇತ್ತಲ್ಲ ಎಂದೆ.