ಅಲ್ಲಿ ಹಕ್ಕಿ ಉಳಿದಿವೆಯೇ?

ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ ಚಹಾದ ಕಪ್ಪಿನ ಜೊತೆಗೆ ಒಂದು ಪ್ರಶ್ನೆಯೂ ನನ್ನ ಕೈಗೆ ಬರುತ್ತದೆ. "ಏನವಾ, ಚೀನಾದಾಗ ಹಕ್ಕಿ ನೋಡಾಕ ಹೋಗ್ತೀಯಂತ? ಅಲ್ಲಿ ಒಂದರ ಉಳದಾವೇನು, ಎಲ್ಲಾ ತಿಂದು ಮುಗಿಸ್ಯಾರೋ?" ಕೂತವರೆಲ್ಲ ನಗುತ್ತಾರೆ. ಮೊದಮೊದಲು ನಾನೂ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಮನೆಯವರ ನೌಕರಿಗಾಗಿ 2023ರಲ್ಲಿ ದಕ್ಷಿಣ ಚೀನಾದ ಶೆನ್‌ಝೆನ್‌ಗೆ ಹೋದೆವು. ಒಂದೂಮುಕ್ಕಾಲು ಕೋಟಿ ಜನರ ಊರು, ಇಪ್ಪತ್ತನೆಯ ಅಂತಸ್ತಿನ ಮನೆ, ಬಾರದ ಭಾಷೆ. ನಮ್ಮವರು ಸೇರಿದರೆ ತೊಗರಿಬೇಳೆ ಎಲ್ಲಿ ಸಿಗುತ್ತದೆ ಎಂಬುದೇ ಮಾತು. ಒಂದು ಬೆಳಿಗ್ಗೆ ಕೆಳಗಿನ ಗಿಡದಲ್ಲಿ ಪಿಕಳಾರ ಕೂಗಿತು. ನಮ್ಮ ಹಿತ್ತಲಿನದೇ ಜುಟ್ಟು, ಅದೇ ಕೆಂಪು ಮೀಸೆ. ದುರ್ಬೀನು ಹೆಗಲಿಗೇರಿಸಿ ಹೊರಟುಬಿಟ್ಟೆ.

ಕೊಲ್ಲಿಯ ದಂಡೆಗೆ ದೊಡ್ಡ ಉದ್ಯಾನವಿದೆ. ಪಕ್ಕದಲ್ಲೇ ಫುಟಿಯನ್ ಕಾಂಡ್ಲಾ ಕಾಡು, 1984ರಿಂದ ರಕ್ಷಿತ ಪ್ರದೇಶ. ಆಚೆ ದಡ ಹಾಂಗ್‌ಕಾಂಗಿನದು. ನಾನು ಹೋದಾಗ ನೀರು ಇಳಿದಿತ್ತು, ಹಕ್ಕಿಗಳು ದೂರದ ಕೆಸರಿನಲ್ಲಿ ಬರಿಯ ಚುಕ್ಕೆಗಳು. ಬೇಸರದಿಂದ ತಿರುಗಿದಾಗ ಅರವತ್ತು ದಾಟಿದ ಹೆಂಗಸೊಬ್ಬರು ಕೈಹಿಡಿದು ನಿಲ್ಲಿಸಿದರು. ಗಡಿಯಾರ ತೋರಿಸಿ, ನೀರು ಏರುವಂತೆ ಅಂಗೈ ಮೇಲೆತ್ತಿದರು. ಎರಡು ತಾಸು ಕಾದೆವು. ಉಬ್ಬರ ಏರಿದಂತೆ ಹಕ್ಕಿಗಳ ಹಿಂಡು ದಡದತ್ತ ಸರಿಯಿತು. ನಡುವೆ ಕಪ್ಪು ಮೋರೆಯ ಚಮಚಕೊಕ್ಕಿನ ಹಕ್ಕಿಗಳು! ರಂಗನತಿಟ್ಟಿನಲ್ಲಿ ನೋಡಿದವುಗಳ ಹತ್ತಿರದ ನೆಂಟರು. ಅಲ್ಲಿ ಹಿರಿಯ ಹೆಂಗಸನ್ನು 'ಆಯಿ' ಎಂದು ಕರೆಯುತ್ತಾರೆ. ನಮ್ಮ ಕಡೆ ಅಜ್ಜಿಗೆ ಆಯಿ. ನನಗೆ ಬೇರೆ ಚೀನೀ ಮಾತು ಬೇಕಾಗಲಿಲ್ಲ. ಮುಂದಿನ ವಾರದಿಂದ ಅವರ ಗೆಳತಿಯರೂ ನನ್ನ ಗೆಳತಿಯರಾದರು.

1980ರ ದಶಕದ ಕೊನೆಗೆ ಈ ಹಕ್ಕಿ ಇಡೀ ಜಗತ್ತಿನಲ್ಲಿ ಎಣಿಕೆಗೆ ಸಿಕ್ಕದ್ದು ಸುಮಾರು 300. ಈಗ 6 ಸಾವಿರಕ್ಕೂ ಹೆಚ್ಚು. ಉಳಿದದ್ದು ತಾನಾಗಿ ಅಲ್ಲ. 2020ರಲ್ಲಿ ಇದೇ ಕೊಲ್ಲಿಯಲ್ಲಿ ವಿಹಾರದ ಹಡಗುಗಳಿಗಾಗಿ ಹೂಳೆತ್ತುವ ಯೋಜನೆ ಬಂತು. ಪರಿಸರ ವರದಿಯನ್ನು ಸಾರ್ವಜನಿಕರ ಮುಂದಿಟ್ಟಾಗ ಓದಿದವರು ದಂಗಾದರು. ಅದರಲ್ಲಿ 35 ಕಡೆ ಬೇರೊಂದು ಊರಾದ ಝಾನ್‌ಜಿಯಾಂಗ್‌ನ ಹೆಸರು! ನಕಲು ಮಾಡಿದ ವರದಿ. ಹಕ್ಕಿಪ್ರಿಯರು ಗದ್ದಲವೆಬ್ಬಿಸಿದರು, ಯೋಜನೆ ನಿಂತಿತು. ಆಯಿ ಇದನ್ನು ಫೋನಿನ ಅನುವಾದದಲ್ಲಿ ಹೇಳುವಾಗ ದೊಡ್ಡಸ್ತಿಕೆ ಏನೂ ಇರಲಿಲ್ಲ. ಓದದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದಷ್ಟೇ ಕೇಳಿದರು.

ಅಲ್ಲಿ ಪಾಪವೇ ನಡೆದಿಲ್ಲ ಎಂದು ನಾನು ವಾದಿಸುವುದಿಲ್ಲ. 1958ರಲ್ಲಿ ಗುಬ್ಬಿಗಳನ್ನು ಅಟ್ಟಾಡಿಸಿ ಕೊಂದ ದೇಶ ಅದು. ಹಳದಿ ಎದೆಯ ಪುಟ್ಟ ಕಾಳುಹಕ್ಕಿಯನ್ನು ಗುವಾಂಗ್‌ಡಾಂಗ್‌ನವರು ರುಚಿಗೆಂದು ತಿಂದು ತಿಂದು ಅಳಿವಿನ ಅಂಚಿಗೆ ತಂದರು. ಆಯಿಗೂ ಅದು ಗೊತ್ತು. ತಮ್ಮ ಹಿರಿಯರ ತಟ್ಟೆಯಲ್ಲಿ ಆ ಹಕ್ಕಿ ಇದ್ದದ್ದನ್ನು ಅವರೇ ಹೇಳಿದ್ದು. ಹೇಳಿ, ನಾಚಿ, ದಂಡೆಗೆ ಬಂದು ನಿಂತವರು ಅವರು.

ನಾವು? ಹಕ್ಕಿಯನ್ನು ತಿನ್ನುವುದಿಲ್ಲ, ಸರಿ. ಹಕ್ಕಿಯ ಮನೆಯನ್ನೇ ತಿಂದೆವಲ್ಲ! ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ. ಕೆರೆ ನುಂಗುವುದಕ್ಕೆ ಎಣ್ಣೆ, ಮಸಾಲೆ ಬೇಕಿಲ್ಲ. ಹಾಗಾಗಿ ಅದು ಮಾಂಸಾಹಾರ ಎನಿಸುವುದೂ ಇಲ್ಲ. ನಿಮ್ಮೂರ ಕೆರೆಯ ಅಂಗಳದಲ್ಲಿ ಬಡಾವಣೆಯ ಕಲ್ಲು ನೆಟ್ಟಾಗ ಕಾಗದ ತರಿಸಿ ಓದಿದವರು ಎಷ್ಟು ಜನ?

"ಹೆಂಗಸರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ" ಎನ್ನಬೇಡಿ. ಆಯಿಗೂ ಮನೆಯಿದೆ, ಒಲೆಯಿದೆ, ಮೊಮ್ಮಗನನ್ನು ಶಾಲೆಗೆ ಬಿಡುವುದಿದೆ. ಅದನ್ನೆಲ್ಲ ಮುಗಿಸಿಯೇ ಅವರು ಬರುತ್ತಿದ್ದದ್ದು.

ಮುಂದಿನ ಸಲ ಯಾರಾದರೂ ಆ ಪ್ರಶ್ನೆ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. "ಉಳದಾವ. ಬರ್ರಿ, ಮೊದಲ ನಮ್ಮ ಕೆರೀ ದಂಡಿಗೆ ಹೋಗಿ ಎಣಿಸೋಣು."